ಮೇಲಿನ ತೋಟ, ಕೆಳಗಿನ ತೋಟ: ನೈಲ್ ನದಿಯ ನೀರಿನ ವಿವಾದ ಮತ್ತು ನಾವು

 



ಕಳೆದ ಜುಮಾ ಮುಗಿದ ಮೇಲೆ ಒಬ್ಬ ಯುವಕ ಕೇಳಿದ: "ಉಸ್ತಾದ್, ನೈಲ್ ನದಿಯ ಅಣೆಕಟ್ಟಿನ ವಿಷಯದಲ್ಲಿ ಈಜಿಪ್ಟ್ ಸರಿಯೋ, ಇಥಿಯೋಪಿಯಾ ಸರಿಯೋ? ನಾವು ಯಾರ ಪರ?" ಪ್ರಶ್ನೆ ಒಳ್ಳೆಯದು. ಉತ್ತರಕ್ಕೆ ಮುಂಚೆ ವಿಷಯ ತಿಳಿದುಕೊಳ್ಳೋಣ.

ನೈಲ್‌ಗೆ ಎರಡು ಮುಖ್ಯ ಕವಲುಗಳಿವೆ. ಬಿಳಿ ನೈಲ್ ವಿಕ್ಟೋರಿಯಾ ಸರೋವರದ ಕಡೆಯಿಂದ ಬರುತ್ತದೆ, ನೀಲಿ ನೈಲ್ ಇಥಿಯೋಪಿಯಾದ ತಾನಾ ಸರೋವರದಿಂದ. ಎರಡೂ ಸುಡಾನಿನ ಖಾರ್ತೂಮ್‌ನಲ್ಲಿ ಕೂಡಿ ಈಜಿಪ್ಟಿಗೆ ಹರಿಯುತ್ತವೆ. ಈಜಿಪ್ಟ್ ತಲುಪುವ ನೀರಿನಲ್ಲಿ ಸುಮಾರು 85 ಶೇಕಡಾ ಇಥಿಯೋಪಿಯಾದ ಬೆಟ್ಟಗಳದ್ದು. 10 ಕೋಟಿಗೂ ಹೆಚ್ಚು ಜನರಿರುವ ಈಜಿಪ್ಟಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಅದರ ಸಿಹಿನೀರಿನ 90 ಶೇಕಡಾಕ್ಕೂ ಹೆಚ್ಚು ಪಾಲು ಈ ಒಂದೇ ನದಿಯದ್ದು.

1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಒಪ್ಪಂದ ಮಾಡಿಕೊಂಡವು. ಈಜಿಪ್ಟಿಗೆ ವರ್ಷಕ್ಕೆ 5,550 ಕೋಟಿ ಘನ ಮೀಟರ್, ಸುಡಾನಿಗೆ 1,850 ಕೋಟಿ. ನೀರು ಹುಟ್ಟುವ ಇಥಿಯೋಪಿಯಾವನ್ನು ಯಾರೂ ಕೇಳಲಿಲ್ಲ.

2011ರಲ್ಲಿ ಇಥಿಯೋಪಿಯಾ ಸುಡಾನ್ ಗಡಿಯ ಹತ್ತಿರ ನೀಲಿ ನೈಲ್‌ಗೆ ದೊಡ್ಡ ಅಣೆಕಟ್ಟು ಕಟ್ಟಲು ಆರಂಭಿಸಿತು. ಸಾಮಾನ್ಯ ಜನರೂ ಬಾಂಡ್ ಕೊಂಡು ಹಣ ಕೊಟ್ಟರು. 2020ರಲ್ಲಿ ನೀರು ತುಂಬಿಸತೊಡಗಿದರು, 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ 7,400 ಕೋಟಿ ಘನ ಮೀಟರ್ ನೀರು ನಿಲ್ಲುತ್ತದೆ. ನಮ್ಮ ಕೆಆರ್‌ಎಸ್‌ನಂಥ 50 ಜಲಾಶಯಗಳನ್ನು ತುಂಬಿಸಿಯೂ ಮಿಗುವಷ್ಟು!

ಇಥಿಯೋಪಿಯಾ ಹೇಳುವುದು: "ನಮ್ಮ ಲಕ್ಷಾಂತರ ಮನೆಗಳಲ್ಲಿ ಇನ್ನೂ ಕತ್ತಲೆಯಿದೆ. ನಾವು ನೀರನ್ನು ಕುಡಿದು ಮುಗಿಸುವುದಿಲ್ಲ. ಅದು ಯಂತ್ರ ತಿರುಗಿಸಿ ಮತ್ತೆ ನದಿಗೇ ಸೇರುತ್ತದೆ." ಇದು ನಿಜ. ಈಜಿಪ್ಟ್ ಹೇಳುವುದು: "ಸಾಲಾಗಿ ಮೂರು ನಾಲ್ಕು ವರ್ಷ ಬರ ಬಂದರೆ ಎಷ್ಟು ನೀರು ಬಿಡುತ್ತೀರಿ? ಬರೆದುಕೊಡಿ." ಇದೂ ನ್ಯಾಯವಾದ ಮಾತೇ. ಸುಡಾನಿಗೆ ಪ್ರವಾಹ ಕಡಿಮೆಯಾಗುವ ಲಾಭವಿದೆ, ಆದರೆ ಮೇಲಿನಿಂದ ಮುನ್ಸೂಚನೆಯಿಲ್ಲದೆ ನೀರು ಬಂದರೆ ತನ್ನ ಅಣೆಕಟ್ಟಿನ ಗತಿಯೇನು ಎಂಬ ಭಯವೂ ಇದೆ. 2015ರಲ್ಲಿ ಮೂರೂ ದೇಶಗಳ ನಾಯಕರು ಖಾರ್ತೂಮ್‌ನಲ್ಲಿ ಕೆಲವು ತತ್ವಗಳಿಗೆ ಸಹಿ ಹಾಕಿದರು. ಆದರೆ ಬರಗಾಲದ ಲೆಕ್ಕ ಇತ್ಯರ್ಥವಾಗದೆಯೇ ಅಣೆಕಟ್ಟು ತುಂಬಿತು. ವಿವಾದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ಹೋಯಿತು. 2021ರಲ್ಲಿ ಈಜಿಪ್ಟ್ ಮತ್ತು ಸುಡಾನ್ 'ನೈಲ್ ರಕ್ಷಕರು' ಎಂಬ ಹೆಸರಿನಲ್ಲಿ ಜಂಟಿ ಸೇನಾ ಕವಾಯತು ನಡೆಸಿದವು. ನೀರಿನ ಮಾತು ಸೈನ್ಯದವರೆಗೆ ಹೋಗುವುದು ಹೀಗೆ.

ಈಗ ಮದೀನಾಕ್ಕೆ ಬನ್ನಿ. ಹಝ್ರತ್ ಝುಬೈರ್(ರ)ರಿಗೂ ಒಬ್ಬ ಅನ್ಸಾರಿಗೂ ಖರ್ಜೂರದ ತೋಟಕ್ಕೆ ನೀರು ಹಾಯಿಸುವ ಕಾಲುವೆಯ ಬಗ್ಗೆ ತಕರಾರು ಬಂತು. ಮೊದಲು ನೀರು ಸಿಗುವುದು ಝುಬೈರ್‌ರ ತೋಟಕ್ಕೆ. ಅವರು ಹಾಯಿಸಿಕೊಂಡು ಆಮೇಲೆ ನೆರೆಯವನಿಗೆ ಬಿಡಬೇಕೆಂದು ಪ್ರವಾದಿವರ್ಯರು(ಸ) ತೀರ್ಪಿತ್ತರು. ಇನ್ನೊಂದು ಕಣಿವೆಯ ನೀರಿನ ವಿಷಯದಲ್ಲಿ ಅಳತೆಯನ್ನೂ ಹೇಳಿದರು. ನಾವು ವುಝೂವಿನಲ್ಲಿ ತೊಳೆಯುವ ಕಾಲಿನ ಗಂಟಿನವರೆಗೆ ನೀರು ನಿಂತರೆ ಸಾಕು, ಮಿಕ್ಕದ್ದು ಕೆಳಗಿನವನಿಗೆ.

ಈ ತೀರ್ಪಿನಲ್ಲಿ ಎರಡು ಪಾಠಗಳಿವೆ. ಮೇಲಿನವನಿಗೆ ಮೊದಲ ಹಕ್ಕಿದೆ, ಆದ್ದರಿಂದ ನೀನು ಮುಟ್ಟಲೇಬೇಡ ಎಂದು ಕೆಳಗಿನವನು ಹೇಳುವಂತಿಲ್ಲ. ಆದರೆ ಮೇಲಿನವನ ಹಕ್ಕಿಗೊಂದು ಅಳತೆಯಿದೆ, ಆದ್ದರಿಂದ ಎಲ್ಲವೂ ನನ್ನ ಇಷ್ಟ ಎಂದು ಅವನೂ ಹೇಳುವಂತಿಲ್ಲ.

ಇದೇ ಈಜಿಪ್ಟ್ ಹಝ್ರತ್ ಯೂಸುಫ್(ಅ)ರ ನಾಡು. ಅವರು ಸಮೃದ್ಧಿಯ ಏಳು ವರ್ಷಗಳಲ್ಲೇ ಬರದ ಏಳು ವರ್ಷಗಳಿಗಾಗಿ ಧಾನ್ಯ ಕೂಡಿಟ್ಟರು. ಆ ಕಣಜದಿಂದ ಈಜಿಪ್ಟಿನವರು ಮಾತ್ರವಲ್ಲ, ದೂರದ ಕನ್‌ಆನ್‌ನಿಂದ ಬಂದವರೂ ಉಂಡರು. ಅಣೆಕಟ್ಟು ಕೂಡಾ ಒಂದು ಕಣಜವೇ. ಅದರ ಬಾಗಿಲು ಯಾವಾಗ, ಎಷ್ಟು ತೆರೆಯಬೇಕೆಂದು ಮಳೆ ಚೆನ್ನಾಗಿರುವಾಗಲೇ ತೀರ್ಮಾನವಾಗಬೇಕು. ಗಂಟಲು ಒಣಗಿದ ಮೇಲೆ ನ್ಯಾಯದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಕಾವೇರಿಯ ನಾಡಿನವರಾದ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಸಾಲದ ವ್ಯವಹಾರವನ್ನೇ ಸಾಕ್ಷಿಗಳ ಮುಂದೆ ಬರೆದಿಡಲು ಕುರ್‌ಆನ್ ಆದೇಶಿಸಿದೆ. ಕೋಟಿಗಟ್ಟಲೆ ಜನರ ಕುಡಿಯುವ ನೀರನ್ನು ಬಾಯಿಮಾತಿಗೆ ಬಿಡಬಹುದೇ?

ಆದ್ದರಿಂದ ಆ ಯುವಕನಿಗೆ ನನ್ನ ಉತ್ತರ: ನಾವು ದೇಶದ ಪರವಲ್ಲ, ನ್ಯಾಯದ ಪರ. ಇಥಿಯೋಪಿಯಾ ಅಂದರೆ ಹಬಶಾ. ಮಕ್ಕಾದ ಹಿಂಸೆಯಿಂದ ಓಡಿ ಬಂದ ಸಹಾಬಿಗಳಿಗೆ ಆಶ್ರಯ ಕೊಟ್ಟ ನಜ್ಜಾಶಿ ದೊರೆಯ ನಾಡು. ಅಂದು ಅವನು ಕುರೈಶರ ಉಡುಗೊರೆಗೆ ಮಾರುಹೋಗದೆ ಎರಡೂ ಕಡೆಯ ಮಾತು ಕೇಳಿ ತೀರ್ಪು ಕೊಟ್ಟ. ಇಂದು ಬೇಕಾಗಿರುವುದೂ ಅದೇ.

ಇನ್ನು ನಮ್ಮ ಮನೆಯ ಮಾತು. ನಮ್ಮ ಬೋರ್‌ವೆಲ್‌ನ ಪಕ್ಕದಲ್ಲೇ ನೆರೆಮನೆಯವರ ಬಾವಿ ಇದೆ. ಬೇಸಿಗೆಯಲ್ಲಿ ಅವರ ಬಾವಿ ಬತ್ತಿದಾಗ ನಾವು ಪೈಪು ಕೊಡುತ್ತೇವೆಯೇ? ಹರಿಯುವ ನದಿಯ ದಡದಲ್ಲೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಮಸೀದಿಯ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ನೈಲ್ ನದಿಗೆ ನ್ಯಾಯ ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ.

ಹಂಚಿ ಕುಡಿಯುವ ಮನಸ್ಸನ್ನು ಅಲ್ಲಾಹನು ನಮಗೂ ಆ ನಾಡುಗಳ ನಾಯಕರಿಗೂ ಕರುಣಿಸಲಿ. ಆಮೀನ್.