ಹಕ್ಕಿ ನೋಡಲು ಹೊರದೇಶಕ್ಕೆ: ತಪ್ಪು ಕಲ್ಪನೆಗಳೂ ವಾಸ್ತವವೂ

ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಗಳನ್ನು ಜೋಳದ ಹೊಲದಿಂದ ಕವಣೆ ಬೀಸಿ ಓಡಿಸುವುದು ನಮ್ಮ ಕಡೆಯವರಿಗೆ ಹಳೇ ರೂಢಿ. ಈಗ ಹಚ್ಚೊಳ್ಳಿ, ಸಿರುಗುಪ್ಪದ ಹುಡುಗರ ಕೊರಳಲ್ಲೂ ದುರ್ಬೀನು ಕಾಣುತ್ತದೆ. ಹೊರದೇಶದ ಹಕ್ಕಿ ನೋಡಬೇಕೆಂಬ ಆಸೆಯೂ ಹುಟ್ಟಿದೆ, ಅದರ ಜೊತೆ ಒಂದಿಷ್ಟು ತಪ್ಪು ತಿಳಿವಳಿಕೆಯೂ.

ತಪ್ಪು ಕಲ್ಪನೆ: ಹೊರದೇಶ ಅಂದರೆ ಲಕ್ಷಗಟ್ಟಲೆ ಖರ್ಚು.

ಆಫ್ರಿಕಾಕ್ಕೆ ಹೊರಟರೆ ನಿಜ. ಆದರೆ ನೇಪಾಳಕ್ಕೆ ನಮಗೆ ವೀಸಾ ಬೇಡ. ಭೂತಾನದಲ್ಲಿ ಭಾರತೀಯರು ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಕಟ್ಟಬೇಕು, ಊಟ ವಸತಿ ಬೇರೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಹಚ್ಚೊಳ್ಳಿಯಿಂದ ಬೆಂಗಳೂರು ಮುಟ್ಟುವುದೇ ಅದಕ್ಕಿಂತ ದೊಡ್ಡ ಪ್ರಯಾಣ.

ತಪ್ಪು ಕಲ್ಪನೆ: ನೇಪಾಳ, ಭೂತಾನಕ್ಕೆ ಆಧಾರ್ ಇದ್ದರೆ ಸಾಕು.

ಸಾಲದು. ದೊಡ್ಡವರ ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇರಬೇಕು.

ತಪ್ಪು ಕಲ್ಪನೆ: ರಜೆ ಸಿಕ್ಕಾಗ ಹೊರಟರಾಯಿತು, ಹಕ್ಕಿ ಎಲ್ಲಿಗೆ ಹೋಗುತ್ತೆ?

ಎಲ್ಲಿಗಾದರೂ ಹೋಗುತ್ತೆ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ದೇಶ ಆರಿಸಿ ಆಮೇಲೆ ರಜೆ ಹೊಂದಿಸುವುದು ತಲೆಕೆಳಗಾದ ಕ್ರಮ. ನಿಮಗೆ ಬಿಡುವಿರುವ ತಿಂಗಳು ಯಾವುದು, ಆಗ ಯಾವ ಹಕ್ಕಿ ಎಲ್ಲಿರುತ್ತದೆ ಎಂದು ನೋಡಿ, ದೇಶ ತಾನಾಗಿ ಗೊತ್ತಾಗುತ್ತದೆ.

ಭೂತಾನದ ಫೋಬ್ಜಿಖಾ ಕಣಿವೆಗೆ ಕಪ್ಪು ಕೊರಳಿನ ಕ್ರೌಂಚಗಳು ಅಕ್ಟೋಬರ್ ಕೊನೆಯ ಹೊತ್ತಿಗೆ ಟಿಬೆಟ್ ಕಡೆಯಿಂದ ಬರತೊಡಗುತ್ತವೆ. ನವೆಂಬರ್ 11ರಂದು ಗಾಂಗ್‌ಟೆ ಮಠದಲ್ಲಿ ಅವುಗಳ ಹಬ್ಬವೇ ನಡೆಯುತ್ತದೆ. ಆದರೆ ಆಗ ನಮ್ಮಲ್ಲಿ ಸೋನಾ ಭತ್ತದ ಕೊಯ್ಲು. ಒಕ್ಕಲು ಮಕ್ಕಳು ಹಬ್ಬ ಮರೆತುಬಿಡಿ. ಕ್ರೌಂಚಗಳು ಫೆಬ್ರವರಿವರೆಗೂ ಅಲ್ಲೇ ಇರುತ್ತವೆ, ಸುಗ್ಗಿ ಮುಗಿಸಿ ಎರಡನೇ ಬೆಳೆಯ ನಾಟಿಗೆ ಮುಂಚೆ ಹೋಗಿ ಬರಬಹುದು. ಸಮುದ್ರಮಟ್ಟದಿಂದ ಸುಮಾರು 2,900 ಮೀಟರ್ ಎತ್ತರದ ಜಾಗ ಅದು. ಬಳ್ಳಾರಿ ಬಿಸಿಲಿನ ಮೈಗೆ ಒಂದು ಸ್ವೆಟರ್ ಏನೂ ಸಾಲದು.

ಮೇಷ್ಟ್ರುಗಳಿಗೆ ಏಪ್ರಿಲ್, ಮೇ ರಜೆ. ಶ್ರೀಲಂಕಾದ ಸಿಂಹರಾಜ ಕಾಡಿಗೆ ಮೇ ಒಳ್ಳೆಯದಲ್ಲ, ಮಳೆ ಹಿಡಿಯುತ್ತದೆ. ಜನವರಿಯಿಂದ ಮಾರ್ಚ್ ಸರಿ. ಬೇಸಿಗೆ ರಜೆಗೆ ನೇಪಾಳವೇ ವಾಸಿ. ಹಿಮಾಲಯದ ಹಕ್ಕಿಗಳು ಗೂಡು ಕಟ್ಟುವ ಕಾಲ, ಕೂಗು ಹಿಡಿದು ಹುಡುಕಬಹುದು. ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಎಂದು ಹೆಸರಾದ ಸ್ಪೈನಿ ಬ್ಯಾಬ್ಲರ್ ಕಾಠ್ಮಂಡು ಸುತ್ತಲಿನ ಗುಡ್ಡಗಳಲ್ಲೇ ಇದೆ. ಪೊದೆಯೊಳಗೆ ಅಡಗಿರುವ ಅದು ಹೊರಗೆ ಬರುವುದೇ ಹಾಡುವ ಈ ದಿನಗಳಲ್ಲಿ.

ತಪ್ಪು ಕಲ್ಪನೆ: ದುರ್ಬೀನಿನ ಮೇಲಿನ ಅಂಕಿ ದೊಡ್ಡದಿದ್ದಷ್ಟೂ ಒಳ್ಳೇದು.

8x42 ಎಂದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಇಪ್ಪತ್ತು ಪಟ್ಟಿನದನ್ನು ಬರಿಗೈಲಿ ಹಿಡಿದರೆ ಹಕ್ಕಿಗಿಂತ ನಿಮ್ಮ ಕೈನಡುಕವೇ ದೊಡ್ಡದಾಗಿ ಕಾಣುತ್ತದೆ. ಸಿಂಹರಾಜದಂಥ ಕತ್ತಲು ಕಾಡಿಗೆ 8x42 ಸಾಕು. ಅಲ್ಲಿ ಬಹಳ ಹೊತ್ತು ಒಂದು ರೆಕ್ಕೆಯೂ ಅಲ್ಲಾಡುವುದಿಲ್ಲ. ಆಮೇಲೆ ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ ಕೇಳುತ್ತದೆ. ಅವುಗಳ ಬೆನ್ನಿಗೆ ಕಾಜಾಣ, ಕೆಂಪು ಮೋರೆಯ ಮಲ್ಕೋಹ, ಅದೃಷ್ಟವಿದ್ದರೆ ನೀಲಿ ಮ್ಯಾಗ್‌ಪೈ, ಹೀಗೆ ಹಲವು ಜಾತಿ ಒಂದೇ ದಂಡಾಗಿ ದಾಟಿಹೋಗುತ್ತವೆ. ಆಗ ಕಣ್ಣಿಗೆ ಬೇಕಾದ್ದು ಅಗಲವಾದ ನೋಟ. ಕಾಲಿಗೆ ಜಿಗಣೆ ಕಾಲುಚೀಲವೂ ಬೇಕು.

ತಪ್ಪು ಕಲ್ಪನೆ: ನಮ್ಮೂರಲ್ಲಿ ಏನಿದೆ ಮಹಾ?

ಅಪಾಯದ ಅಂಚಿನಲ್ಲಿರುವ ಹೆಬ್ಬಕ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಂಡದ್ದು ನಮ್ಮ ಸಿರುಗುಪ್ಪದ ಎರೆ ಬಯಲಲ್ಲಿ. ಇದನ್ನು ನೋಡಲು ಪರದೇಶದವರು ರಾಜಸ್ಥಾನಕ್ಕೆ ಬರುತ್ತಾರೆ. (ಕಂಡರೆ ಜಾಗದ ಹೆಸರನ್ನು ಮೊಬೈಲಿನಲ್ಲಿ ಹಂಚಬೇಡಿ, ಬೆನ್ನಟ್ಟಲೂಬೇಡಿ.) ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಎರಡೂ 2024ರಲ್ಲಿ ಜಾಗತಿಕ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿವೆ. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಒಂದು ಚಳಿಗಾಲ ಇವನ್ನೇ ನೋಡಿ ಪಳಗದವರು ಲಂಕೆಗೆ ಹೋಗಿ ಮೊದಲ ದಿನವನ್ನೆಲ್ಲ ಮೈನಾ, ಮಿಂಚುಳ್ಳಿ ಗುರುತಿಸುವುದರಲ್ಲೇ ಕಳೆಯುತ್ತಾರೆ. ಅದಕ್ಕೆ ವಿಮಾನದ ದುಡ್ಡು ದಂಡ.

ತಪ್ಪು ಕಲ್ಪನೆ: ಉದುರಿದ ನವಿಲುಗರಿ ತಾನೇ, ಅಲ್ಲಿಯವರಿಗೆ ಉಡುಗೊರೆ ಒಯ್ಯಬಹುದು.

ನವಿಲುಗರಿಯನ್ನು ದೇಶದ ಹೊರಗೆ ಸಾಗಿಸುವುದಕ್ಕೆ ನಿಷೇಧವಿದೆ. ಹಾಗೆಯೇ ಅಲ್ಲಿಂದಲೂ ಗರಿ, ಗೂಡು, ಮೊಟ್ಟೆಯ ಚಿಪ್ಪು ಏನನ್ನೂ ಚೀಲಕ್ಕೆ ಹಾಕಿಕೊಂಡು ಬರಬೇಡಿ.