‘ಮೇಡಂ, ಎಲ್ಲಾ ಗಾಡೀಲೂ ಹಂಗೇ ಬರುತ್ತೆ’

ಹೊಸ ಕಾರು ತಗೊಂಡವರು ಈ ಮಾತನ್ನ ಒಮ್ಮೆಯಾದರೂ ಕೇಳಿರ್ತೀರಿ. ಡೆಲಿವರಿ ದಿನ ಹಾರ, ಕೇಕು, ರಟ್ಟಿನ ದೊಡ್ಡ ಕೀ ಹಿಡಿಸಿ ಫೋಟೋ. ಎರಡು ತಿಂಗಳಾದ ಮೇಲೆ ಅದೇ ಕಟ್ಟಡದ ಹಿಂಬಾಗಿಲಿಗೆ ಹೋಗಿ ನೋಡಿ, ನೀವು ಬರೀ ಒಂದು ಜಾಬ್ ಕಾರ್ಡ್ ನಂಬರ್.

ನಮ್ಮ ಅಕ್ಕನ ಕಾರಿಗೆ ಆದದ್ದನ್ನೇ ತಗೊಳ್ಳೋಣ. ಕಂಪನಿ ಹೆಸರು ಬೇಡ, ಯಾವುದು ಹೇಳಿದ್ರೂ ನಿಮ್ಮಲ್ಲಿ ಅರ್ಧ ಜನ ‘ನಮ್ಮದೂ ಹಾಗೇ’ ಅಂತೀರಿ. ಪೆಟ್ರೋಲ್ ಗಾಡಿ. ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಓಡಿದ ಮೇಲೆ ಇದ್ದಕ್ಕಿದ್ದಂತೆ ಆಫ್. ಹತ್ತು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಒಂದು ಸಲ ಫ್ಲೈಓವರ್ ಮೇಲೆ ನಿಂತಿತು. ಹಿಂದಿನ ಸೀಟಿನಲ್ಲಿ ಮಗು, ಅದರ ಹಿಂದೆ ಲಾರಿ. ಇಂಜಿನ್ ನಿಂತರೆ ಬ್ರೇಕಿಗೆ ಸಿಗೋ ಸಹಾಯವೂ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತೆ, ಆಮೇಲೆ ಪೆಡಲ್ ಕಲ್ಲು. ಇದು ‘ನಾರ್ಮಲ್’ ಅಲ್ಲ ವೀಕ್ಷಕರೇ.

ಮೂರು ಸಲ ಸರ್ವಿಸ್ ಸೆಂಟರಿಗೆ ಹೋಯಿತು. ಮೂರೂ ಸಲ ಒಂದೇ ಉತ್ತರ: ‘ಸ್ಕ್ಯಾನರ್ ಹಾಕಿದ್ವಿ ಮೇಡಂ, ಎರರ್ ಏನೂ ಬರ್ತಿಲ್ಲ.’ ಕಾರು ಮಾತ್ರ ಪ್ರತಿ ಸಲ ಫಳಫಳ ಅಂತ ತೊಳೆದು ಕೊಟ್ಟರು.

ಎಲೆಕ್ಟ್ರಾನಿಕ್ಸ್ ಓದಿದ ನನಗೆ ಇಲ್ಲೇ ತಲೆಬಿಸಿ ಆಗೋದು. ಸ್ಕ್ಯಾನರ್ ಕಾರನ್ನ ಪರೀಕ್ಷೆ ಮಾಡೋ ಡಾಕ್ಟರಲ್ಲ. ಇಂಜಿನ್ ಕಂಪ್ಯೂಟರ್ ತಾನಾಗಿ ಗಮನಿಸಿ ಬರೆದಿಟ್ಟದ್ದನ್ನ ಓದುತ್ತೆ, ಅಷ್ಟೆ. ಸೆನ್ಸರ್ ಅರೆಕ್ಷಣ ಕೈಕೊಟ್ಟು ಮತ್ತೆ ಸರಿಯಾದರೆ ಕಂಪ್ಯೂಟರ್ ಅದನ್ನ ತಪ್ಪು ಅಂತ ಬರೆಯದೇ ಇರಬಹುದು. ಬರೆದು ದೀಪ ಹತ್ತಿದರೂ, ಮುಂದಿನ ಮೂರು ಓಟದಲ್ಲಿ ಅದೇ ತೊಂದರೆ ಕಾಣದಿದ್ದರೆ ಸಾಮಾನ್ಯವಾಗಿ ದೀಪ ತಾನೇ ಆರುತ್ತೆ. ಯಾರಾದರೂ ಸ್ಕ್ಯಾನರಿನಲ್ಲಿ ‘ಕ್ಲಿಯರ್’ ಒತ್ತಿದರೋ, ತಪ್ಪಾದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ವೇಗ ಎಷ್ಟಿತ್ತು ಅನ್ನೋ ದಾಖಲೆಯೂ ಅದರ ಜೊತೆ ಹೋಯ್ತು. ಕಳ್ಳ ಬಂದ ಮನೆಯನ್ನ ಪೊಲೀಸರು ಬರೋ ಮೊದಲೇ ಸಾರಿಸಿ ಒರೆಸಿದ ಹಾಗೆ.

ಹಾಗಂತ ಮೆಕ್ಯಾನಿಕ್ ಮೇಲೆ ಕೂಗಾಡಿ ಉಪಯೋಗ ಇಲ್ಲ. ವಾರಂಟಿ ಕೆಲಸದ ದುಡ್ಡು ಡೀಲರಿಗೆ ಬರೋದು ಕಂಪನಿಯಿಂದ. ಪಾರ್ಟ್ ಕೆಟ್ಟಿತ್ತು ಅನ್ನೋದಕ್ಕೆ ಪುರಾವೆ ಇಲ್ಲದೆ ಬದಲಾಯಿಸಿದರೆ, ಕ್ಲೇಮು ತಿರಸ್ಕಾರವಾಗಿ ಖರ್ಚು ಡೀಲರ್ ತಲೆಗೆ ಬರಬಹುದು. ಹಾಗಾಗಿ ‘ಇನ್ನೊಂದು ಸಲ ಬಂದ್ರೆ ನೋಡೋಣ’ ಅನ್ನೋದೇ ಅವರಿಗೆ ಲಾಭ. ಅವರು ನಿಜವಾಗಿ ಹೆದರೋದು ಫೀಡ್‌ಬ್ಯಾಕ್ ಕಾಲ್‌ಗೆ. ‘ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ ಮೇಡಂ’ ಅಂತ ಗೋಗರೆಯೋದು ಅದಕ್ಕೇ. ಅಕ್ಕ ಮೂರನೇ ಸಲ ಆರು ಕೊಟ್ಟಳು. ಮರುದಿನ ಸರ್ವಿಸ್ ಮ್ಯಾನೇಜರ್ ಅವರೇ ಫೋನ್ ಮಾಡಿದರು. ಟೆಕ್ನೀಷಿಯನ್ ಒಬ್ಬ ಸ್ಕ್ಯಾನರ್ ಹಚ್ಚಿಕೊಂಡೇ ಪಕ್ಕದಲ್ಲಿ ಕೂತು ಒಂದು ಗಂಟೆ ಸುತ್ತಿದ. ಇಂಜಿನ್ ಬಿಸಿಯಾಯಿತು, ಗಾಡಿ ನಿಂತಿತು, ತೆರೆಯ ಮೇಲೆ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಸೊನ್ನೆ. ಕ್ರ್ಯಾಂಕ್ ಎಲ್ಲಿ ತಿರುಗುತ್ತಿದೆ ಅಂತ ಗೊತ್ತಾಗದಿದ್ದರೆ ಕಂಪ್ಯೂಟರ್ ಕಿಡಿ ಹೊಡೆಯೋದನ್ನೇ ನಿಲ್ಲಿಸುತ್ತೆ. ತಣ್ಣಗಾದ ಮೇಲೆ ಸೆನ್ಸರ್ ಮತ್ತೆ ಸಾಧು. ವರ್ಕ್‌ಶಾಪಿನಲ್ಲಿ ನಿಲ್ಲಿಸಿಕೊಂಡು ನೂರು ಸಲ ನೋಡಿದ್ರೂ ಸಿಗ್ತಿರಲಿಲ್ಲ.

ನಿಮಗೂ ಹೀಗಾದರೆ ಜಾಬ್ ಕಾರ್ಡ್ ಮೇಲೆ ಕಣ್ಣಿಡಿ. ಅಡ್ವೈಸರ್ ‘ಜನರಲ್ ಚೆಕಪ್’ ಅಂತ ಗೀಚಿದರೆ ಸಹಿ ಹಾಕಬೇಡಿ. ‘45 ನಿಮಿಷ ಓಡಿದ ನಂತರ ಇಂಜಿನ್ ತಾನಾಗಿ ನಿಲ್ಲುತ್ತದೆ, ಇದು ಮೂರನೇ ಸಲ’ ಅಂತ ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಸ್ಕೊಳ್ಳಿ. ತೊಂದರೆ ಆದಾಗ ಮೀಟರ್ ಕಾಣೋ ಹಾಗೆ ವಿಡಿಯೋ ಮಾಡಿ, ಆದರೆ ಗಾಡಿ ಪಕ್ಕಕ್ಕೆ ತಂದ ಮೇಲೆ, ಪಕ್ಕದಲ್ಲಿ ಕೂತವರ ಕೈಲಿ.

‘ಕಾರೇ ಬದಲಾಯಿಸಿಕೊಡಿ’ ಅನ್ನೋದು ಅಷ್ಟು ಸುಲಭ ಇಲ್ಲ. ಅಮೆರಿಕದಲ್ಲಿ ‘ಲೆಮನ್ ಲಾ’ ಇದೆ, 1982ರಲ್ಲಿ ಕನೆಕ್ಟಿಕಟ್ ರಾಜ್ಯದಿಂದ ಶುರುವಾದದ್ದು. ಇಷ್ಟು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ಬೇರೆ ಕಾರು ಅಥವಾ ದುಡ್ಡು ವಾಪಸ್. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಕೊಟ್ಟಿರೋದು ಕೆಟ್ಟ ಭಾಗವನ್ನ ರಿಪೇರಿ ಮಾಡಿ ಅಥವಾ ಬದಲಾಯಿಸಿ ಕೊಡೋದಕ್ಕೆ, ಇಡೀ ಕಾರಿಗೆ ಅಲ್ಲ ಅಂತ ಹೇಳಿ ಕಾರು ಬದಲಾಯಿಸುವ ಆದೇಶ ರದ್ದು ಮಾಡಿತ್ತು. ನನ್ನ ಪ್ರಕಾರ ಖರೀದಿದಾರನಿಗೆ ಇದು ದುಬಾರಿ ತೀರ್ಪು. ತಯಾರಿಕೆಯಲ್ಲೇ ದೋಷ ಇದೆ ಅಂತ ತೋರಿಸೋ ಭಾರ ಬಹುಪಾಲು ನಮ್ಮ ಮೇಲೇ ಬೀಳುತ್ತೆ. ಜಾಬ್ ಕಾರ್ಡಿಗೆ ಅಷ್ಟು ಬೆಲೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಆದರೆ ಕೈಕಟ್ಟಿ ಕೂರಬೇಕಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷದವರೆಗೆ ಕೊಟ್ಟು ಕೊಂಡ ಕಾರಿನ ದೂರು ಅಲ್ಲಿಗೇ ಹೋಗುತ್ತೆ. 2019ರ ಕಾಯ್ದೆ ಬಂದ ಮೇಲೆ ನೀವು ಇರೋ ಊರಿನಲ್ಲೇ ದೂರು ಕೊಡಬಹುದು. ಬೆಂಗಳೂರಲ್ಲಿ ಕೊಂಡ ಕಾರಿಗೆ ಗದಗದವರು ಗದಗದಲ್ಲೇ ಕೇಸು ಹಾಕಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಕಡ್ಡಾಯ ಅಲ್ಲ. ಹೊಟ್ಟೆಪಾಡಿಗೆ ತಾನೇ ಟ್ಯಾಕ್ಸಿ ಓಡಿಸೋನಿಗೂ ಈ ಹಕ್ಕಿದೆ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಹುದು. ಡೀಲರು, ಕಂಪನಿ ಇಬ್ಬರನ್ನೂ ಪ್ರತಿವಾದಿ ಮಾಡಿ. ಒಬ್ಬರ ಹೆಸರು ಮಾತ್ರ ಹಾಕಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸಿ ಕೂರ್ತಾರೆ. ದೂರು ಕೊಡೋದಕ್ಕೆ ಇರೋ ಗಡುವು ಎರಡು ವರ್ಷ. ‘ಮುಂದಿನ ಸರ್ವಿಸ್‌ನಲ್ಲಿ ನೋಡೋಣ ಮೇಡಂ’ ಅಂತ ಅವರು ತಳ್ಳುತ್ತಾ ಹೋಗುವಾಗಲೂ ಈ ಲೆಕ್ಕ ಓಡ್ತಾನೇ ಇರುತ್ತೆ.