ದೀಪದ ಕಾವಿಗೆ ಸನ್ನೆಗೋಲಿನ ಲಗಾಮು

ಮೊಟ್ಟೆಗೆ ಬಿಸಿ ಕೊಡುವುದು ದೊಡ್ಡ ವಿದ್ಯೆಯೇನಲ್ಲ. ಆ ಬಿಸಿಯನ್ನು 21 ದಿನ ಹಗಲೂ ರಾತ್ರಿ ಒಂದೇ ಹದದಲ್ಲಿ ಹಿಡಿದಿಡುವುದೇ ವಿದ್ಯೆ. ಕಾವಿಗೆ ಕೂತ ಹೇಟೆ ಇದನ್ನು ತನ್ನ ಮೈಯಿಂದಲೇ ಸಾಧಿಸುತ್ತದೆ. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ನಡೆದುಬಂದ ಕಾವುಗೂಡುಗಳಲ್ಲಿ ಆ ಕೆಲಸ ತಲೆಮಾರುಗಳಿಂದ ಪಳಗಿದ ಮನುಷ್ಯರದು: ಮೊಟ್ಟೆಯನ್ನು ಕಣ್ಣರೆಪ್ಪೆಗೆ ತಾಗಿಸಿ ಶಾಖ ಅಳೆಯುವುದು, ಬೆಂಕಿ ಹೆಚ್ಚಿಸುವುದು, ಕಿಂಡಿ ತೆರೆಯುವುದು. ಹದಿನೇಳನೆಯ ಶತಮಾನದಲ್ಲಿ ಡಚ್ ಸಂಶೋಧಕ ಕಾರ್ನೆಲಿಸ್ ಡ್ರೆಬೆಲ್ ಮದ್ಯಸಾರ ಮತ್ತು ಪಾದರಸ ತುಂಬಿದ ಕೊಳವೆಯಿಂದ ಒಲೆಯ ಗಾಳಿಕಿಂಡಿಯನ್ನು ತಾನಾಗಿಯೇ ತೆರೆದು ಮುಚ್ಚಿಸಲು ಯತ್ನಿಸಿದ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ರೇಯೊಮುರ್ ಹುದುಗುವ ಗೊಬ್ಬರದ ಶಾಖದಲ್ಲಿ ಮರಿ ಮಾಡಿ ನೋಡಿದ. ಬಿಸಿಯ ಮೂಲಕ್ಕೆ ಯಾವ ಕಾಲದಲ್ಲೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನಂಬಬಹುದಾದ ನಿಯಂತ್ರಕಕ್ಕೆ. ಆದ್ದರಿಂದ ಹಳೆಯ ಕಾವುಪೆಟ್ಟಿಗೆಯನ್ನು ದುರಸ್ತಿ ಮಾಡಿಸುವವರಿಗೆ ನಾನು ಹೇಳುವುದು ಒಂದೇ: ಮರಕ್ಕೆ ಪಾಲಿಶ್ ಹಾಕುವುದು ಆಮೇಲಿನ ಮಾತು, ಮೊದಲು ಅದರ ನಿಯಂತ್ರಕವನ್ನು ಬದುಕಿಸಿ. ಅದು ಕೆಲಸ ಮಾಡದಿದ್ದರೆ ಉಳಿಯುವುದು ಕೇವಲ ಒಂದು ಪೆಟ್ಟಿಗೆ.

ಲಂಡನ್ನಿನ ಚಾರ್ಲ್ಸ್ ಹಿಯರ್‌ಸನ್ 1881ರಲ್ಲಿ ರೂಪಿಸಿದ ಯಂತ್ರ ಈ ಮಾತಿಗೆ ಒಳ್ಳೆಯ ನಿದರ್ಶನ. ಎರಡು ಪದರದ ಮರದ ಗೋಡೆ. ಒಳಗೆ ಮೊಟ್ಟೆಯ ತಟ್ಟೆ. ಅದರ ಮೇಲೆ ನೀರಿನ ತೊಟ್ಟಿ. ಪಕ್ಕದಲ್ಲಿ ಸೀಮೆಎಣ್ಣೆಯ ಇಲ್ಲವೇ ಗ್ಯಾಸಿನ ದೀಪ. ದೀಪದ ಬಿಸಿಗಾಳಿ ತೊಟ್ಟಿಯೊಳಗಿನ ಕೊಳವೆಯಲ್ಲಿ ಹಾದು ನೀರನ್ನು ಕಾಯಿಸುತ್ತದೆ, ನೀರಿನ ಶಾಖ ಮೇಲಿನಿಂದ ಮೊಟ್ಟೆಗಳ ಮೇಲಿಳಿಯುತ್ತದೆ, ಥೇಟ್ ಕೋಳಿಯ ಹೊಟ್ಟೆಯಡಿ ಇಳಿಯುವಂತೆ. ಮೊಟ್ಟೆಗಳ ತುಸು ಮೇಲೆ ಎರಡು ತೆಳು ಲೋಹದ ತಗಡುಗಳನ್ನು ಅಂಚಿನಲ್ಲಿ ಬೆಸೆದ ಒಂದು ಪುಟ್ಟ ಕ್ಯಾಪ್ಸೂಲ್ ಇರುತ್ತದೆ. ಅದರೊಳಗೆ ಈಥರ್ ಬೆರೆತ ದ್ರವದ ಕೆಲವೇ ಹನಿ. ಗೂಡಿನ ಶಾಖ ಬೇಕಾದ ಮಟ್ಟ ಮುಟ್ಟಿದೊಡನೆ ದ್ರವ ಕುದಿದು ಆವಿಯಾಗುತ್ತದೆ, ತಗಡುಗಳು ಉಬ್ಬುತ್ತವೆ, ಅವುಗಳ ಮೇಲೆ ನಿಂತ ಸಣ್ಣ ಕಡ್ಡಿ ಮೇಲೇರಿ ಪೆಟ್ಟಿಗೆಯ ನೆತ್ತಿಯ ಮೇಲಿನ ಸನ್ನೆಗೋಲನ್ನು ಎತ್ತುತ್ತದೆ. ಸನ್ನೆಗೋಲಿನ ಇನ್ನೊಂದು ತುದಿಗೆ ದೀಪದ ಚಿಮಣಿಯ ಮುಚ್ಚಳ ತೂಗುಬಿದ್ದಿದೆ. ಮುಚ್ಚಳ ತೆರೆದರೆ ಬಿಸಿಗಾಳಿ ತೊಟ್ಟಿಯತ್ತ ಹೋಗದೆ ನೇರ ಹೊರಬೀಳುತ್ತದೆ. ಗೂಡು ತಣಿದರೆ ಕ್ಯಾಪ್ಸೂಲ್ ಕುಗ್ಗಿ ಮುಚ್ಚಳ ಇಳಿಯುತ್ತದೆ.

ಹದವಾಗಿ ಹೊಂದಿಸಿದ ಯಂತ್ರದಲ್ಲಿ ಈ ಮುಚ್ಚಳ ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಚಿಮಣಿಯ ಬಾಯಿಗಿಂತ ತುಸುವೇ ಮೇಲೆ ತೇಲುತ್ತಾ, ಕೋಣೆಯ ಚಳಿ ಹೆಚ್ಚಿದರೆ ಕೂದಲೆಳೆಯಷ್ಟು ತಗ್ಗಿ, ಬಿಸಿಲೇರಿದರೆ ಅಷ್ಟೇ ಏರಿ, ಬೇಕಾದಷ್ಟು ಶಾಖವನ್ನು ಮಾತ್ರ ಒಳಗೆ ಬಿಡುತ್ತದೆ. ಇಂದಿನ ಅಗ್ಗದ ಥರ್ಮೋಸ್ಟಾಟ್ ಹೀಟರನ್ನು ಪೂರ್ತಿ ಹಚ್ಚುತ್ತದೆ ಇಲ್ಲವೇ ಪೂರ್ತಿ ಆರಿಸುತ್ತದೆ. ಇದು ಅಳೆದು ಕೊಡುತ್ತದೆ. ಇನ್ನೊಂದು ಸೊಗಸೂ ಇದೆ. ಸನ್ನೆಗೋಲಿನ ಮೇಲೆ ಸರಿಯುವ ಪುಟ್ಟ ತೂಕ ಕ್ಯಾಪ್ಸೂಲನ್ನು ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ದ್ರವದ ಕುದಿಬಿಂದು ಏರುತ್ತದೆ, ಗೂಡಿನ ಶಾಖವೂ ಏರುತ್ತದೆ. ಹೊರಗಿನ ಗಾಳಿಯ ಒತ್ತಡವೂ ಲೆಕ್ಕಕ್ಕೆ ಬರುವುದರಿಂದ, ಸಮುದ್ರಮಟ್ಟದ ಊರಿನಲ್ಲಿ ಹದಮಾಡಿದ ಇಂಥ ಕ್ಯಾಪ್ಸೂಲನ್ನು 900 ಮೀಟರ್‌ಗಿಂತ ಎತ್ತರದ ಬೆಂಗಳೂರಿಗೆ ತಂದರೆ ಅದು ಸುಮಾರು 3 ಡಿಗ್ರಿ ಮೊದಲೇ ಉಬ್ಬಿಬಿಡುತ್ತದೆ. ತೂಕವನ್ನು ಹೊರಕ್ಕೆ ಸರಿಸಿ ಮತ್ತೆ ಹದಮಾಡದಿದ್ದರೆ ಭ್ರೂಣ ಸೊರಗುತ್ತದೆ. ಕುದಿಬಿಂದುವಿನ ಪಾಠವನ್ನು ಇಷ್ಟು ನೇರವಾಗಿ ಕಣ್ಣಿಗೆ ತೋರಿಸುವ ಉಪಕರಣಗಳು ಹೆಚ್ಚಿಲ್ಲ.

ಹೀಗಾಗಿ ದುರಸ್ತಿ ಕ್ಯಾಪ್ಸೂಲಿನಿಂದಲೇ ಶುರುವಾಗಬೇಕು. ಅದನ್ನು ಬಿಡಿಸಿ 45 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಮುಳುಗಿಸಿದರೆ ಉತ್ತರ ಸಿಗುತ್ತದೆ: ಉಬ್ಬಿದರೆ ಜೀವವಿದೆ, ಚಪ್ಪಟೆಯಾಗಿಯೇ ಉಳಿದರೆ ಬೆಸುಗೆ ಬಿಟ್ಟು ದ್ರವ ಆರಿಹೋಗಿದೆ. ಈಥರ್ ಕ್ಷಣದಲ್ಲಿ ಹೊತ್ತಿಕೊಳ್ಳುವಂಥದ್ದು. ಸೋರಿದ ಕ್ಯಾಪ್ಸೂಲನ್ನು ಮನೆಯಲ್ಲಿ ತುಂಬಿ ಬೆಸೆಯುವ ಸಾಹಸ ಬೇಡ, ಹೊಸದನ್ನು ಬಲ್ಲವರಿಂದ ತರಿಸಬೇಕು. ಸನ್ನೆಗೋಲಿನ ಕೀಲಿಗೆ ದಪ್ಪ ಎಣ್ಣೆ ಹಾಕಿದರೆ ಧೂಳು ಮೆತ್ತಿ ಅದು ತಡವರಿಸುತ್ತದೆ. ಒರೆಸಿ ಒಣಗಿಸಿ ಬಿಟ್ಟರೆ ಸಾಕು. ತೊಟ್ಟಿಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟರೆ ಸೋರುವ ಜಾಗ ತಾನೇ ಕಾಣುತ್ತದೆ. ಕೊಳವೆಯ ಮಸಿ ತೆಗೆಯಬೇಕು, ಯಾಕೆಂದರೆ ಮಸಿ ಶಾಖವನ್ನು ತಡೆಯುತ್ತದೆ, ಹೊಗೆಯನ್ನು ಒಳಕ್ಕೆ ತಳ್ಳುತ್ತದೆ. ಅತಿ ಎಚ್ಚರ ಬೇಕಾದದ್ದು ದೀಪದ ಸುತ್ತ. ಹಲವು ಹಳೆಯ ಕಾವುಪೆಟ್ಟಿಗೆಗಳಲ್ಲಿ ಬೆಂಕಿ ತಾಗದಿರಲೆಂದು ಕಲ್ನಾರಿನ ಹಾಳೆ ಹೊದಿಸಿರುತ್ತಾರೆ. ಅದನ್ನು ಕೆರೆಯುವುದು, ಉಜ್ಜುವುದು ಶ್ವಾಸಕೋಶಕ್ಕೆ ಅಪಾಯ. ಅನುಮಾನವಿದ್ದರೆ ತರಬೇತಿ ಪಡೆದವರೇ ಕೈಹಾಕಬೇಕು.

ಇಷ್ಟಾದ ಮೇಲೂ ಮೊಟ್ಟೆಗೆ ಅವಸರ ಸಲ್ಲದು. ಯಂತ್ರವನ್ನು ಬರಿದಾಗಿಯೇ ಹಲವು ದಿನ ನಡೆಸಿ, ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿಯ ಶಾಖವನ್ನು ಬರೆದಿಡಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಆದ್ದರಿಂದ ಥರ್ಮಾಮೀಟರಿನ ಬುಡ ಮೊಟ್ಟೆಯ ನೆತ್ತಿಯ ಮಟ್ಟದಲ್ಲೇ ಇದ್ದು ಅಲ್ಲಿ 39 ಡಿಗ್ರಿಯ ಸಮೀಪ ತೋರಬೇಕು. ಫ್ಯಾನ್ ಇರುವ ಇಂದಿನ ಯಂತ್ರಗಳಲ್ಲಿ 37.5 ಡಿಗ್ರಿ ಸಾಕು. ಈ ವ್ಯತ್ಯಾಸ ತಿಳಿಯದೆ ಫ್ಯಾನಿನ ಯಂತ್ರದ ಲೆಕ್ಕವನ್ನು ಹಳೆಯ ಪೆಟ್ಟಿಗೆಗೆ ಹಚ್ಚಿದರೆ ಮರಿಗಳು ತಡವಾಗಿ, ಸೊರಗಿ ಹೊರಬರುತ್ತವೆ. ಮೊಟ್ಟೆ ಇಟ್ಟಮೇಲೆ ದಿನಕ್ಕೆ ಮೂರು ಸಲವಾದರೂ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಒಳಪೊರೆಗೆ ಅಂಟುತ್ತದೆ. ದೀಪಕ್ಕೆ ನಿತ್ಯ ಎಣ್ಣೆ, ಬತ್ತಿಯ ಕರಿ ಒರೆಸುವುದು ತಪ್ಪದು. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ರಕ್ತನಾಳಗಳ ಜಾಲ ಹರಡಿದೆಯೇ, ಗಾಳಿಗೂಡು ಹಿಗ್ಗುತ್ತಿದೆಯೇ ನೋಡಬೇಕು. ಮೊಟ್ಟೆ ತನ್ನ ತೂಕದಲ್ಲಿ ಸುಮಾರು ನೂರಕ್ಕೆ 12 ಭಾಗವನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ತೇವ ವಿಪರೀತವಾದರೆ ಗಾಳಿಗೂಡು ಕಿರಿದಾಗಿ, ಮರಿ ಮೊದಲ ಉಸಿರಿಗೆ ಜಾಗವಿಲ್ಲದೆ ಸಾಯುತ್ತದೆ. 18ನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸಬೇಕು, ಬಾಗಿಲು ತೆರೆಯುವ ಚಪಲವನ್ನು ತಡೆದುಕೊಳ್ಳಬೇಕು.

ಇಷ್ಟೆಲ್ಲ ಪಾಡು ಯಾಕೆ, ಒಂದು ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಜೋಡಿಸಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮರಿಗಳಷ್ಟೇ ಬೇಕಿದ್ದರೆ ಅವರ ಮಾತು ನಿಜ. ಆದರೆ ಅದಕ್ಕೆ ಹಳೆಯ ಪೆಟ್ಟಿಗೆಯನ್ನು ಕೊರೆಯಬೇಕಾಗಿಲ್ಲ, ಹೊಸದೊಂದು ಸಿಗುತ್ತದೆ. ಬೇಕಿದ್ದರೆ ಶಾಖ ಮಿತಿಮೀರಿದಾಗ ಕೂಗಿ ಎಚ್ಚರಿಸುವ ಸಾಧನವೊಂದನ್ನು ಪಕ್ಕದಲ್ಲಿಡಲಿ, ನಾಳೆ ತೆಗೆದರೆ ಗುರುತೂ ಉಳಿಯದಂತೆ. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ: ನಮ್ಮ ಹವ್ಯಾಸಕ್ಕಾಗಿ ಜೀವಗಳನ್ನು ಪಣಕ್ಕಿಡಬಹುದೇ? ಇಡಬಾರದು. ಬರಿದಾದ ಯಂತ್ರ ಹದ ಹಿಡಿಯುವವರೆಗೆ ಒಂದು ಮೊಟ್ಟೆಯನ್ನೂ ಇಡಬಾರದು. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೆಂಬುದನ್ನು ಮರೆಯದೆ, ಅವಕ್ಕೂ ನೆಲೆ ಗೊತ್ತಾದ ಮೇಲೆಯೇ ದೀಪ ಹಚ್ಚಬೇಕು. ಹಾಗೆ ಸಾಧ್ಯವಿಲ್ಲದ ಕಡೆ ಯಂತ್ರವನ್ನು ಮೊಟ್ಟೆಯಿಲ್ಲದೆಯೇ ನಡೆಸಿ ತೋರಿಸಬಹುದು. ನಾನು ಉಳಿಸಬೇಕೆನ್ನುವ ನಿಯಂತ್ರಕಕ್ಕೆ ಬರಿಯ ದೀಪವಿದ್ದರೂ ಸಾಕು.

ಕೋಳಿಯಿಂದ ಮೊಟ್ಟೆಯನ್ನು ಬೇರ್ಪಡಿಸಿ ಕಾರ್ಖಾನೆಯ ಕೋಳಿ ಸಾಕಣೆಗೆ ದಾರಿ ಮಾಡಿದ ಯಂತ್ರವನ್ನು ಕೊಂಡಾಡುವುದು ಸರಿಯೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಕ್ಯಾಲಿಫೋರ್ನಿಯಾದ ಪೆಟಲುಮಾದಲ್ಲಿ ಲೈಮನ್ ಬೈಸ್ 1879ರಲ್ಲಿ ರೂಪಿಸಿದ ಕಾವುಪೆಟ್ಟಿಗೆಯಿಂದ ಆ ಊರು ಮೊಟ್ಟೆಯ ರಾಜಧಾನಿಯಾಗಿ ಬೆಳೆಯಿತು. ಕಾವಿಗೆ ಕೂರುವ ಗುಣವನ್ನೇ ತಳಿಯಿಂದ ಹೊರಗಿಟ್ಟ ಮೊಟ್ಟೆಕೋಳಿಗಳು ಇಂದು ಎಲ್ಲೆಡೆ ತುಂಬಿವೆ. ಆದರೆ ಇದೇ ಯಂತ್ರದ ಇನ್ನೊಂದು ಕವಲು ಆಸ್ಪತ್ರೆಗೆ ಸಾಗಿತು. 1880ರ ಸುಮಾರಿಗೆ ಪ್ಯಾರಿಸ್ಸಿನ ಪ್ರಸೂತಿ ವೈದ್ಯ ಸ್ಟೆಫಾನ್ ಟಾರ್ನಿಯೆ ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮರಿಯ ಕಾವುಪೆಟ್ಟಿಗೆ ನೋಡಿ, ಅದನ್ನು ತಯಾರಿಸುತ್ತಿದ್ದ ಒಡೀಲ್ ಮಾರ್ಟಿನ್ ಕೈಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ಅಂಥದ್ದೊಂದನ್ನು ಮಾಡಿಸಿದ. ಹಿಯರ್‌ಸನ್ನನ ಕ್ಯಾಪ್ಸೂಲ್ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪೆಟ್ಟಿಗೆಗಳನ್ನೂ ಸೇರಿತು. ಒಳಿತು ಕೆಡುಕು ಎರಡೂ ಶಾಖದ ಮೇಲಿನ ಅದೇ ಹಿಡಿತದಿಂದ ಬಂದವು. ಗಾಜಿನ ಹಿಂದೆ ಪಾಲಿಶ್ ಹೊಡೆಸಿಕೊಂಡು ನಿಂತ ಪೆಟ್ಟಿಗೆ ಇವೆರಡನ್ನೂ ಹೇಳಲಾರದು. ಸನ್ನೆಗೋಲು ಆಡುತ್ತಿರುವ ಪೆಟ್ಟಿಗೆಯ ಮುಂದೆ ನಿಂತವರು ಹೇಗೆ, ಯಾಕೆ ಎಂದು ಕೇಳುತ್ತಾರೆ. ನಮ್ಮ ಪಶುವೈದ್ಯ ಮತ್ತು ಕೃಷಿ ಕಾಲೇಜುಗಳ ಉಗ್ರಾಣಗಳಲ್ಲಿ ಇಂಥ ಹಳೆಯ ಯಂತ್ರವೇನಾದರೂ ಇದ್ದರೆ ಗುಜರಿಗೆ ಹಾಕುವ ಮುನ್ನ ಅದರ ನಿಯಂತ್ರಕವನ್ನು ಒಮ್ಮೆ ಪರೀಕ್ಷಿಸಲಿ. ಅದು ಕೆಲಸ ಮಾಡುವಂತಿದ್ದರೆ ಒಂದು ತರಗತಿಗೆ ಒಪ್ಪಿಸಲಿ, ಶಾಖದ ದಾಖಲೆಪುಸ್ತಕವನ್ನು ವಿದ್ಯಾರ್ಥಿಗಳೇ ಬರೆಯಲಿ.